ಅಲುಗದೆ ನಿಂತ ಬಾಣ

ಆಸ್ಪತ್ರೆಯ ಅಂಕಿಅಂಶ ವಿಭಾಗದಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ಇದೀಗ ನಿವೃತ್ತರಾಗುತ್ತಿರುವ ಹಿರಿಯರು ವಿಭಾಗಕ್ಕೆಲ್ಲ ‘ಬಾಣದ ಮೇಷ್ಟ್ರು’. ಗ್ರಾಫಿನ ಗೆರೆಯನ್ನು ಯಾರಾದರೂ ಎಳೆದಾರು; ಅದರ ಪಕ್ಕದ ಟಿಪ್ಪಣಿ ಯಾವ ಬಿಂದುವಿನ ಬಗ್ಗೆ ಮಾತಾಡುತ್ತಿದೆಯೆಂದು ಕೊನೆತನಕ ಗಮನಿಸುವವರು ವಿರಳ. ಟಿಪ್ಪಣಿಯ ಬಾಣವನ್ನು ಹಾಳೆಯ ಜಾಗಕ್ಕಲ್ಲ, ತಾರೀಖಿಗೇ ಕಟ್ಟಬೇಕೆಂಬುದು ಅವರ ವ್ರತ. ಕಟ್ಟಿದ ಮೇಲೂ ಗ್ರಾಫನ್ನು ಪರದೆಯಲ್ಲಿ ಹಿಗ್ಗಿಸಿ ಕುಗ್ಗಿಸಿ, ಬಾಣ ಬಿಂದುವಿನ ಜೊತೆಗೇ ಸರಿಯುವುದನ್ನು ನೋಡದೆ ಅವರು ಊಟಕ್ಕೆ ಎದ್ದವರಲ್ಲ. ಈ ಲೇಖನ ಬರೆದವಳು, ಅವರ ಕೈಕೆಳಗೆ ಪಳಗಿದವಳು, ಮೊದಮೊದಲು ಇದನ್ನು ಮುದುಕರ ಗೀಳೆಂದು ನಕ್ಕಿದ್ದುಂಟು.

ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಒಂದು ವಾರ್ಡಿನ ಸೋಂಕಿನ ಗ್ರಾಫಿನಲ್ಲಿ ‘ಹೊಸ ಮುಖ್ಯ ದಾದಿ ಬಂದರು’ ಎಂಬ ಟಿಪ್ಪಣಿಯನ್ನು ಗೆರೆಯ ತುತ್ತತುದಿಯ ಎದುರು, ಬರಿಯ ಹಾಳೆಯ ಮೇಲೆ ಅಂಟಿಸಿಬಿಟ್ಟಳು. ಆಮೇಲೆ ಅದಕ್ಕೂ ಹಿಂದಿನ ಆರು ತಿಂಗಳ ಅಂಕಿಗಳು ಸಿಕ್ಕವು. ಅವನ್ನು ಎಡಕ್ಕೆ ಸೇರಿಸಿದಾಗ ಗೆರೆ ಬಲಕ್ಕೆ ಸರಿಯಿತು, ಬಾಣ ಇದ್ದಲ್ಲೇ ನಿಂತು, ಸೋಂಕು ಏರತೊಡಗಿದ ಹಳೆಯ ತಿಂಗಳೊಂದನ್ನು ತೋರಿಸತೊಡಗಿತು. ಸೋಂಕು ಇಳಿಸಿದ ಹೆಂಗಸು ಕಾಗದದ ಮೇಲೆ ಸೋಂಕು ತಂದವಳಾದಳು.

“ಹಿಗ್ಗಿಸಿ ನೋಡಿದ್ಯಾ?” ಎಂದು ಮೇಷ್ಟ್ರು ಕೇಳಿದ್ದರು. “ನೋಡಿದೆ ಸಾರ್” ಎಂದಿದ್ದಳು ಈ ಮಹಾತಾಯಿ. ಅವರು ನಂಬಿ ಸಹಿ ಹಾಕಿದರು.

ಆಡಳಿತದ ಸಭೆಯಲ್ಲಿ ಆ ಗ್ರಾಫನ್ನೇ ನಂಬಿ ದಾದಿಯ ಅಮಾನತಿನ ಆದೇಶ ಓದುತ್ತಿದ್ದಾಗ, ಗೋಡೆಯ ಮೇಲೆ ಅದನ್ನು ಕಂಡು ಅವಳಿಗೆ ತನ್ನ ತಪ್ಪು ಹೊಳೆಯಿತು. ಅವಳು ಕೂತೇ ಇದ್ದಳು. ಮೇಷ್ಟ್ರು ಎದ್ದು ನಿಂತರು.

“ಬಾಣ ತಪ್ಪು ಜಾಗದಲ್ಲಿದೆ. ಆಯಮ್ಮ ಬಂದ ಮೇಲೇ ಸೋಂಕು ಇಳಿದಿದ್ದು. ಸಹಿ ನಂದು, ತಪ್ಪೂ ನಂದೇ.”

ದಾದಿಯ ಕೆಲಸ ಉಳಿಯಿತು. ಮೇಷ್ಟ್ರು ಇವಳಿಗೆ ಒಂದು ಮಾತೂ ಅನ್ನದೆ, ಮರುದಿನ ಪಕ್ಕದಲ್ಲಿ ಕೂರಿಸಿಕೊಂಡು ಬಾಣ ಕಟ್ಟುವುದನ್ನು ಮೊದಲಿಂದ ಕಲಿಸಿದರು. ವಿಷಯ ಅಲ್ಲಿಗೇ ಮುಗಿಯಿತೆಂದು ಅವಳು ಹದಿನಾರು ವರ್ಷ ನಂಬಿದ್ದಳು.

ಮೊನ್ನೆ ಅವರ ಬೀಳ್ಕೊಡುಗೆಯ ಈ ಸಂಪುಟಕ್ಕಾಗಿ ಅವರ ಸೇವಾ ಕಡತ ತೆರೆದಳು. ಆ ಸಭೆ ನಡೆದ ವಾರದ ತಾರೀಖಿಗೆ ‘ನಿರ್ಲಕ್ಷ್ಯ’ ಎಂಬ ಷರಾ. ಅದೊಂದೇ ಕಾರಣಕ್ಕೆ ವಿಭಾಗ ಮುಖ್ಯಸ್ಥರ ಹುದ್ದೆ ಅವರಿಗೆ ಮೂರು ಸಲ ತಪ್ಪಿತ್ತು. ಅವರ ಕೈಯಲ್ಲಿ ಕಲಿತವರೇ ಅವರ ಮೇಲಧಿಕಾರಿಗಳಾಗಿದ್ದರು. ಕಡತ ಹಿಡಿದೇ ಅವರ ಬಳಿಗೆ ಓಡಿದಳು.

“ನನ್ನ ಹೆಸರು ಯಾಕೆ ಹೇಳ್ಲಿಲ್ಲ ಸಾರ್?”

“ಸೇರಿ ಎರಡು ತಿಂಗಳಾಗಿತ್ತು ಕಣಮ್ಮ ನಿಂಗೆ. ಮನೆಗೆ ಕಳಿಸಿಬಿಡ್ತಿದ್ರು,” ಎಂದು ಅವರು ಕನ್ನಡಕ ಒರೆಸಿಕೊಂಡರು.

ಮೇಷ್ಟ್ರಿಗೆ ನೂರು ತುಂಬಲಿ, ಹೊಸಬರ ಕೈ ತಿದ್ದುವ ಅವರ ಕೆಲಸ ನಿಲ್ಲದಿರಲಿ. ಆ ಷರಾ ಬರೆಯಬೇಕಾಗಿದ್ದುದು ತನ್ನ ಕಡತದಲ್ಲಿ ಎಂದು ಅವಳು ಇಂದು ಬೆಳಿಗ್ಗೆ ಆಡಳಿತಕ್ಕೆ ಬರೆದುಕೊಟ್ಟಿದ್ದಾಳೆ.