ಉಂಡೆಯಾಗುವ ಮರಳು

ಭದ್ರಾವತಿಯ ಹೊಳೆದಂಡೆ ಕ್ಲಬ್ಬಿನ ಈಜುಕೊಳದ ನೀರು ನೋಡಿಕೊಳ್ಳುತ್ತಿದ್ದವನು ಉಜ್ಜನಪ್ಪ. ಮೆಂಬರುಗಳಲ್ಲಿ ಅರ್ಧ ಜನಕ್ಕೆ ಅವನ ಹೆಸರೇ ಗೊತ್ತಿರಲಿಲ್ಲ, ‘ನೀರಿನವನು’ ಅನ್ನುತ್ತಿದ್ದರು. ತಳಕ್ಕೆ ಬಿದ್ದ ಉಂಗುರ ಕಾಣುವಷ್ಟು ತಿಳಿಯಾಗಿ ಒಂಬತ್ತು ವರ್ಷ ನೀರಿಟ್ಟಿದ್ದಕ್ಕೆ ಸಿಕ್ಕ ಮರ್ಯಾದೆ ಅಷ್ಟು.

ಗುಟ್ಟೆಲ್ಲ ಪಂಪ್ ಮನೆಯ ಕಬ್ಬಿಣದ ಫಿಲ್ಟರ್ ಟ್ಯಾಂಕಿನಲ್ಲಿತ್ತು. ಅದರ ಹೊಟ್ಟೆ ತುಂಬ ಮರಳು. ಕೊಳದ ನೀರು ಮೇಲಿಂದ ಇಳಿದು, ಕೊಳೆಯನ್ನು ಮರಳಿನಲ್ಲಿ ಬಿಟ್ಟು, ಕೆಳಗಿನಿಂದ ವಾಪಸು ಹೋಗುತ್ತಿತ್ತು. ಟ್ಯಾಂಕಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಏರಿತೆಂದರೆ ಮರಳು ಕಟ್ಟಿಕೊಂಡಿದೆ ಎಂದರ್ಥ. ಆಗ ಉಜ್ಜನಪ್ಪ ವಾಲ್ವ್ ತಿರುಗಿಸಿ, ನೀರನ್ನು ಕೆಳಗಿನಿಂದ ಮೇಲಕ್ಕೆ ಉಲ್ಟಾ ನುಗ್ಗಿಸಿ, ಕೊಳೆಯನ್ನೆಲ್ಲ ಚರಂಡಿಗೆ ಹೊಡೆಯುತ್ತಿದ್ದ. ಚರಂಡಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಅದು ತಿಳಿಯಾಗುವವರೆಗೂ ಊಟಕ್ಕೆ ಏಳುತ್ತಿರಲಿಲ್ಲ.

೧೯೬೪ರ ಬೇಸಿಗೆಯಲ್ಲಿ ಆ ಮರಳನ್ನು ಬದಲಿಸಬೇಕಾಯಿತು. ಶಿವಮೊಗ್ಗದವರೊಂದಿಗೆ ಈಜು ಪಂದ್ಯಕ್ಕೆ ಐದೇ ದಿನ ಉಳಿದಿತ್ತು. ಹೊಳೆಯ ಮರಳನ್ನು ಜರಡಿ ಹಿಡಿದು ತೊಳೆಯಲು ಉಜ್ಜನಪ್ಪ ನಾಲ್ಕು ದಿನ ಕೇಳಿದ. ಕಾರ್ಯದರ್ಶಿ ಜನಾರ್ದನ ರಾಯರಿಗೆ ಅಷ್ಟು ತಾಳ್ಮೆ ಎಲ್ಲಿ? ಕಬ್ಬಿಣದ ಊರಿನಲ್ಲಿ ಎರಕದ ಅಚ್ಚಿಗೆ ಹಾಕುವ ಮರಳಿಗೇನು ಬರವೇ? ಪೇಟೆಯ ಯಾವುದೋ ಶೆಡ್ಡಿನಿಂದ ಒಂದು ಗಾಡಿ ತರಿಸಿಯೇ ಬಿಟ್ಟರು.

ಉಜ್ಜನಪ್ಪ ಒಂದು ಹಿಡಿ ತೆಗೆದು ಅಮುಕಿ, ಆದ ಉಂಡೆಯನ್ನು ರಾಯರ ಮೇಜಿನ ಮೇಲಿಟ್ಟ.

“ನೋಡಿ ಸ್ವಾಮಿ, ಇದಕ್ಕೆ ಜೇಡಿಮಣ್ಣು ಬೆರ್ಸಿದಾರೆ. ಅಚ್ಚಿಗೆ ಮರಳು ಉಂಡೆ ಆಗ್ಬೇಕು, ಫಿಲ್ಟರಿಗೆ ಉದುರ್ಬೇಕು. ಇದನ್ನ ಹಾಕಿದ್ರೆ ಕೊಳ ಕೆಸರಾಗುತ್ತೆ.”

“ಮರಳು ಅಂದ್ರೆ ಮರಳು ಮಾರಾಯ! ನಂಗೆ ಪಾಠ ಹೇಳ್ಬೇಡ, ತುಂಬು.”

ಹೊಟ್ಟೆಪಾಡು, ತುಂಬಿದ. ಆಮೇಲೆ ಮೂರು ದಿನ ಉಲ್ಟಾ ನೀರು ಬಿಟ್ಟರೂ ಲೋಟ ತಿಳಿಯಾಗಲಿಲ್ಲ. ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಕೊಳ ಚಹಾದ ಬಣ್ಣಕ್ಕೆ ತಿರುಗಿತ್ತು.

ಮೂವತ್ತು ಮೆಂಬರುಗಳು ದಡದಲ್ಲಿ ಸೇರಿದ್ದರು. ಅವರೆಲ್ಲರ ಎದುರು ರಾಯರು ಬೆರಳು ತೋರಿಸಿ ಕೂಗಿದರು: “ಈ ಸೋಮಾರಿ ಫಿಲ್ಟರ್ ತೊಳ್ದೇ ಇಲ್ಲ!”

ಸೋಮಾರಿಯಂತೆ! ಮೂರು ದಿನದಿಂದ ವಾಲ್ವ್ ತಿರುಗಿಸಿ ಬೊಬ್ಬೆ ಎದ್ದ ಅಂಗೈಗಳನ್ನು ಒಬ್ಬನಾದರೂ ನೋಡಲಿಲ್ಲ. ಉಜ್ಜನಪ್ಪನ ಮೈ ಉರಿದುಹೋಯಿತು.

ರಾಯರು ಅವನನ್ನು ಆಫೀಸು ಕೋಣೆಗೆ ಕರೆದು, ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದವೊಂದನ್ನು ಮುಂದೆ ತಳ್ಳಿದರು. “ಸೈನ್ ಹಾಕು. ಕೆಲಸ ಉಳಿಯುತ್ತೆ.”

“ಏನು ಬರ್ದಿದೆ, ಕನ್ನಡದಲ್ಲಿ ಹೇಳಿ.”

“ನಿನ್ನ ಅಲಕ್ಷ್ಯದಿಂದ ನೀರು ಕೆಟ್ಟಿತು ಅಂತ.”

“ಹಾಕಲ್ಲ.”

“ಹಾಗಾದ್ರೆ ನಾಳೆಯಿಂದ ಬರ್ಬೇಡ. ಇವತ್ತು ಕೊಳ ತಿಳಿ ಮಾಡಿ ಹೋಗು.”

“ಅಲಕ್ಷ್ಯದವನ ಕೈಲಿ ಯಾಕೆ ಮಾಡಿಸ್ತೀರಿ ಸ್ವಾಮಿ? ಬೇರೆಯವರನ್ನ ಕರೀರಿ.”

ಆ ಫಿಲ್ಟರಿನ ಮರ್ಮ ಬಲ್ಲವನು ಊರಿನಲ್ಲಿ ಬೇರೊಬ್ಬನಿರಲಿಲ್ಲ. ರಾಯರ ಮುಖ ಇಳಿಯಿತು. ಎದ್ದು ಬಾಗಿಲು ಹಾಕಿ, ಕಾಗದವನ್ನು ಹರಿದು ಬುಟ್ಟಿಗೆಸೆದರು. “ತಪ್ಪು ನಂದೇ, ಆಯ್ತಾ? ಈಗ ಹೋಗಿ ಕೆಲಸ ನೋಡು.”

ಉಜ್ಜನಪ್ಪ ಪಂಪ್ ಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

“ಬೈಯುವಾಗ ಊರೆಲ್ಲ ಕೇಳೋ ಹಾಗೆ ಬೈದ್ರಿ. ತಪ್ಪು ಒಪ್ಪೋಕೆ ಬಾಗಿಲು ಹಾಕ್ತೀರಾ? ಈಗ ಹೇಳಿದ್ದನ್ನ ಆ ದಡದಲ್ಲಿ ನಿಂತು ಹೇಳಿ, ಬರ್ತೀನಿ.”

ರಾಯರು ಕದಲಲಿಲ್ಲ. ಉಜ್ಜನಪ್ಪ ತಾನೇ ಬಾಗಿಲು ತೆಗೆದು, ಮೆಂಬರುಗಳ ನಡುವೆ ಹಾದು, ಮನೆಗೆ ನಡೆದ.