ಹರ ಅಲ್ಲ, ಅರ

ಕೋವಿಡ್ ತಣ್ಣಗಾಗಿ ಜನ ಮತ್ತೆ ಕಚೇರಿಗಳಿಗೆ ಬರತೊಡಗಿದ್ದ ವರ್ಷ. ನಾನಾಗ ಹೂಡಿಯಲ್ಲಿದ್ದ ಒಂದು ಆನ್‌ಲೈನ್ ಕನ್ನಡ ವಿಶ್ವಕೋಶದ ಕಚೇರಿಯಲ್ಲಿ ಹಿರಿಯ ಸಂಪಾದಕ. ಸ್ವಯಂಸೇವಕರು ಬರೆದ ಪುಟಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಿಂದ ಬಿರಿಯಾನಿ ಹೋಟೆಲಿನ ಮಾಲೀಕರವರೆಗೆ ಎಲ್ಲರಿಗೂ ಒಂದು ಪುಟ ಬೇಕು. ಅವರನ್ನೆಲ್ಲ ಸಾಗಹಾಕುವಾಗ ನನಗೆ ಬೇಸರವಿರಲಿ, ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೇ ಆಗುತ್ತಿತ್ತು. ಬೇಸರವಾದದ್ದು ಒಂದೇ ಒಂದು ಪುಟದ ವಿಷಯದಲ್ಲಿ.

ಅದು ‘ಹರ’ ಎಂಬ ಓಪನ್ ಸೋರ್ಸ್ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಿ ತಿದ್ದಿಕೊಳ್ಳಬಹುದಾದ ತಂತ್ರಾಂಶದ ಪುಟ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಮತ್ತೆ ಓದುವಂತೆ ಮಾಡುವುದು ಈ ತಂತ್ರಾಂಶದ ಕೆಲಸ. ಬರೆದವರು ಪೀಣ್ಯದ ಒಂದು ಕಾರ್ಖಾನೆಯ ಮೆಂಟೆನೆನ್ಸ್ ಎಂಜಿನಿಯರ್ ಶರಣಪ್ಪ. ಕೊಪ್ಪಳದ ಕಡೆಯವರು, ವಾಸ ಟಿ. ದಾಸರಹಳ್ಳಿಯಲ್ಲಿ. ಕಾರ್ಖಾನೆಯ ಯಂತ್ರಗಳ ಸುರಕ್ಷತಾ ಸೂಚನೆಗಳೆಲ್ಲ ಹಳೆಯ ಫಾಂಟಿನಲ್ಲಿದ್ದವು. ಕಾರ್ಮಿಕರು ಅವನ್ನು ಈ ತಂತ್ರಾಂಶದ ಮೂಲಕವೇ ಓದುತ್ತಿದ್ದರು. ಹೆಸರು ಕೇಳಿರದ ತಂತ್ರಾಂಶಗಳನ್ನೆಲ್ಲ ತೆಗೆಯಲು ಕಂಪನಿಯ ಐಟಿ ವಿಭಾಗ ಹೊರಟಾಗ ಶರಣಪ್ಪ ನಮ್ಮ ಪುಟವನ್ನು ತೋರಿಸಿದ್ದರು. ಪುಟ ಉಳಿದರೆ ತಂತ್ರಾಂಶವೂ ಉಳಿಯುತ್ತದೆ ಎಂಬ ಸ್ಥಿತಿ.

ಅಷ್ಟರಲ್ಲಿ ಯಾರೋ ಓದುಗರು ಈ ಪುಟ ಬೇಕೇ ಎಂದು ಪ್ರಶ್ನೆ ಎತ್ತಿದರು. ನಮ್ಮ ನಿಯಮ ಸರಳ: ವಿಷಯಕ್ಕೆ ಸಂಬಂಧವಿಲ್ಲದವರು ಅದರ ಬಗ್ಗೆ ವಿವರವಾಗಿ ಬರೆದಿರಬೇಕು. ಹುಡುಕಿದಾಗ ಸಿಕ್ಕಿದ್ದು ಪತ್ರಿಕೆಯೊಂದರ ಅರ್ಧ ಪುಟದ ಲೇಖನ, ‘ಶಿವನ ಹೆಸರಿನ ತಂತ್ರಾಂಶ’. ನನಗೆ ನೆಮ್ಮದಿಯಾಯಿತು.

ಶರಣಪ್ಪ ವಾರದ ರಜೆಯಲ್ಲಿ ಬಸ್ಸು ಬದಲಿಸಿಕೊಂಡು ನಮ್ಮ ಕಚೇರಿಗೆ ಬಂದರು. ಕಾಫಿ ತರಿಸಿ, ಶಿವಭಕ್ತರೋ ಎಂದು ಸುಮ್ಮನೆ ಕೇಳಿದೆ. ಅವರು ನಕ್ಕರು.

“ಹರ ಅಲ್ರಿ ಸರ, ಅರ. ಕಬ್ಬಿಣ ಉಜ್ಜತಾರಲ್ರಿ, ಆ ಅರ. ಇಂಗ್ಲಿಷ್‌ನಾಗ ಅದಕ್ಕೂ ಫೈಲ್ ಅಂತಾರ, ಕಂಪ್ಯೂಟರ್‌ನಾಗಿಂದಕ್ಕೂ ಫೈಲ್ ಅಂತಾರ.”

ಪುಟ ಬರೆದಿದ್ದ ವಿನಯ್ ನಮ್ಮ ಸ್ವಯಂಸೇವಕ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಉದ್ಯೋಗಿ. ಕಾರ್ಖಾನೆಯವರ ಬಾಯಲ್ಲಿ ‘ಅರ’ ಎಂದು ಕೇಳಿದವನು, ‘ಹಂಗೆ’ಯನ್ನು ‘ಅಂಗೆ’ ಅನ್ನುವಂತೆ ಇಲ್ಲೂ ಹಕಾರ ನುಂಗಿದ್ದಾರೆ ಎಂದುಕೊಂಡು, ಪಾಪ, ‘ಹ’ ಸೇರಿಸಿಕೊಟ್ಟಿದ್ದ. ನಾನೂ ನಕ್ಕೆ. ನಗು ಮುಗಿಯುವ ಮೊದಲೇ ಒಂದು ವಿಷಯ ಹೊಳೆಯಿತು. ಆ ತಪ್ಪು ಹೆಸರು ಇದ್ದದ್ದು ನಮ್ಮ ಪುಟದಲ್ಲಿ ಮಾತ್ರ. ಹಾಗಾದರೆ ಪತ್ರಿಕೆಗೆ ಅದು ಸಿಕ್ಕಿದ್ದೆಲ್ಲಿಂದ? ವರದಿಗಾರರಿಗೆ ಫೋನ್ ಮಾಡಿದೆ. ನಿಮ್ಮ ಪುಟ ನೋಡಿಯೇ ಬರೆದದ್ದು ಎಂದು ಅವರು ಸಂಕೋಚವಿಲ್ಲದೆ ಹೇಳಿದರು. ನಮ್ಮ ಮಾತೇ ಊರು ಸುತ್ತಿ ನಮಗೇ ಸಾಕ್ಷಿಯಾಗಿ ಬಂದಿತ್ತು.

ಇಷ್ಟು ದಿನ ನೀವೇ ಏಕೆ ತಿದ್ದಲಿಲ್ಲ ಎಂದು ಶರಣಪ್ಪನವರನ್ನು ಕೇಳಿದೆ.

“ಸಂಬಂಧ ಇದ್ದವ್ರು ಕೈ ಹಚ್ಚಬಾರ್ದು ಅಂತ ನೀವ ಬರದೀರಲ್ರಿ.”

ನಮ್ಮ ನಿಯಮವನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಬೇರೆ ನೋಡಿಲ್ಲ. ಅವರು ಹೋದ ಮೇಲೆ ಸರಿಯಾದ ಹೆಸರಿನಲ್ಲಿ ಮತ್ತೆ ಹುಡುಕಿದೆ. ಕಮ್ಮಾರಿಕೆಯ ಅರಗಳು ಬೇಕಾದಷ್ಟು ಸಿಕ್ಕವು, ತಂತ್ರಾಂಶದ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಇದೊಂದನ್ನು ಹಾಗೇ ಉಳಿಸಿಬಿಡೋಣ ಎಂದು ಮನಸ್ಸು ಹೇಳುತ್ತಿತ್ತು. ಉಳಿಸಿದರೆ ಬಿರಿಯಾನಿ ಹೋಟೆಲಿನವರಿಗೆ ಯಾವ ಮುಖ ಇಟ್ಟುಕೊಂಡು ಇಲ್ಲವೆನ್ನಲಿ? ಕೊನೆಗೆ ಪುಟ ತೆಗೆಯಲೇಬೇಕಾಗಿದೆ ಎಂದು ಶರಣಪ್ಪನವರಿಗೆ ಫೋನಿನಲ್ಲಿ ತಿಳಿಸಿದೆ.

“ತೆಗೀರಿ ಸರ. ತೆಗಿಯೂಕಿಂತ ಮೊದ್ಲು ಹೆಸರೊಂದು ಸರಿ ಮಾಡಿಬಿಡ್ರಿ.”

ಶೀರ್ಷಿಕೆ ತಿದ್ದಿ ಉಳಿಸಿದೆ. ಆಮೇಲೆ ಪುಟವನ್ನು ಅಳಿಸಿದೆ. ಕೆಲವೇ ದಿನಗಳಲ್ಲಿ ಕಾರ್ಖಾನೆಯ ಕಂಪ್ಯೂಟರುಗಳಿಂದ ಅರವೂ ಹೋಯಿತು, ಸೂಚನೆಗಳು ಇಂಗ್ಲಿಷಿಗೆ ಬದಲಾದವು ಎಂದು ವಿನಯ್ ಹೇಳಿದ. ಆ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ಉಳಿಯತಕ್ಕ ವಿಷಯವನ್ನು ನಾವು ‘ಗಮನಾರ್ಹ’ ಎನ್ನುತ್ತಿದ್ದೆವು. ಯಾರೋ ಗಮನಿಸಿ ಬರೆದಿದ್ದಾರೆ ಎನ್ನುವುದಷ್ಟೇ ನಮ್ಮ ಲೆಕ್ಕದಲ್ಲಿ ಅದರ ಅರ್ಥ. ಹೊರಗಿನವರು ಅದನ್ನು ಯೋಗ್ಯತಾಪತ್ರವೆಂದು ಓದುತ್ತಾರೆ, ಪುಟ ಇಲ್ಲದವರನ್ನು ಅಯೋಗ್ಯರೆಂದು ಓದುತ್ತಾರೆ. ಈ ಕೆಲಸದಿಂದ ನಾನು ಕಲಿತದ್ದು ಇಷ್ಟು: ನಿಯಮ ಸರಿಯಿದ್ದು, ತೀರ್ಮಾನವೂ ಸರಿಯಿದ್ದು, ಅನ್ಯಾಯ ಆಗಬಹುದು. ಅಳಿಸಿದ ಪುಟಗಳ ಹೆಸರಿನ ಪಟ್ಟಿಯನ್ನು ಮಾತ್ರ ವಿಶ್ವಕೋಶ ಎಂದೂ ಅಳಿಸುವುದಿಲ್ಲ. ಅಲ್ಲಿ ಅದು ‘ಅರ’ ಎಂದೇ ಇದೆ.