ಎಡಗಡೆ ಬ್ರೇಕ್ ಇಲ್ಲದ ಕಾರು

ಓದುವ ಎಲ್ಲರಿಗೂ ನಮಸ್ಕಾರ. ನಾನು ಮೀಸೆ ಬಂದ ಮೇಲೆ ಶಾಲೆ ಕಲಿತವನು. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಂಡು ಓದಿ.

ಹೊಸ ಕಾರು ಬುಕ್ ಮಾಡಿದವರೆಲ್ಲ ಅದು ಯಾವಾಗ ಬರುತ್ತದೋ ಎಂದು ಕಾಯುತ್ತಾರೆ. ನಾನು ಅದು ಬರದಿದ್ದರೆ ಸಾಕು ಎಂದು ಕಾದವನು.

ನಮ್ಮೂರು ಶಲವಡಿ ಕಡೆ. ನನ್ನದು ಹಿಟ್ಟಿನ ಗಿರಣಿ. ಹೆಂಡತಿಗೆ ಮೊಣಕಾಲು ನೋವು, ಬಸ್ಸು ಹತ್ತುವುದೇ ಕಷ್ಟ. ಅದಕ್ಕೇ ಹುಬ್ಬಳ್ಳಿಯ ಶೋರೂಮಿನಲ್ಲಿ ಒಂದು ಸಣ್ಣ ಕಾರು ಬುಕ್ ಮಾಡಿದೆವು. ಅವಳು ಮೆಚ್ಚಿದ ಕೆಂಪು ಬಣ್ಣದ್ದು ಅಲ್ಲಿರಲಿಲ್ಲ. ದೊಡ್ಡ ಲಾರಿಯಲ್ಲಿ ಬರಬೇಕು, ಬಂದ ಕೂಡಲೇ ಫೋನ್ ಮಾಡುತ್ತೇವೆ ಎಂದರು.

ಅಷ್ಟರಲ್ಲಿ ಅಣ್ಣಿಗೇರಿಗೆ ಹೋಗಿ ಡ್ರೈವಿಂಗ್ ಕಲಿತೆ. ಲೈಸೆನ್ಸೂ ಬಂತು. ಆದರೆ ಕಲಿಸುವ ಗಾಡಿಯಲ್ಲಿ ಎಡಗಡೆ ಕೂತ ಮಾಸ್ತರರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಎದುರಿಗೆ ಲಾರಿ ಬಂದಾಗೆಲ್ಲ ನಾನು ಉಸಿರು ಬಿಗಿಹಿಡಿಯುತ್ತಿದ್ದೆ, ಅವರು ಬ್ರೇಕ್ ಒತ್ತುತ್ತಿದ್ದರು. ಕೊನೆಯ ದಿನ ಅವರು ನಗುತ್ತ ಹೇಳಿದರು: "ಸ್ಟೇರಿಂಗ್ ಚಲೋ ಹಿಡೀತೀರಿ. ಬ್ರೇಕ್ ಮಾತ್ರ ನಂದ ಆತು ನೋಡ್ರಿ."

ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಶೋರೂಮಿನ ಡ್ರೈವರ್ ಕೈಯಲ್ಲೇ ಕಾರು ಮನೆಗೆ ತರಿಸೋಣ ಎಂದರೆ ಕಾಕಾ ಒಪ್ಪಲಿಲ್ಲ. ಅವರು ನನ್ನ ಅಪ್ಪನ ತಮ್ಮ, ನನ್ನನ್ನು ಬೆಳೆಸಿದವರು.

"ಲೇ ತಮ್ಮಾ, ಹೊಸಾ ಎತ್ತ ಮನಿಗೆ ಬರೂಮುಂದ ಹಗ್ಗ ಯಾರ ಕೈಯಾಗ ಇರತೈತಿ?"

"ಮಾಲಕನ ಕೈಯಾಗ್ರಿ."

"ಮತ್ತ? ಗಾಡೀನೂ ಹಂಗ. ಪರರ ಕೈಯಾಗ ಬಂದದ್ದು ಮನಿಗೆ ಹೊಂದಂಗಿಲ್ಲ. ನೀನ ಹೊಡ್ಕೊಂಡ ಬಾ. ಬಾಜೂಕ ನಾ ಕುಂದರ್ತೀನಿ."

ಪಕ್ಕದಲ್ಲಿ ಅವರು ಕೂರುತ್ತಾರೆ, ಸರಿ. ಅವರ ಕಾಲ ಕೆಳಗೆ ಬ್ರೇಕ್ ಎಲ್ಲಿಂದ ಬರಬೇಕು? ಹುಬ್ಬಳ್ಳಿ ರಸ್ತೆಯ ಲಾರಿಗಳು, ಹಿಂದೆ ಕೂತ ಹೆಂಡತಿ, ನನ್ನ ಎಡಗಡೆಯ ಆ ಖಾಲಿ ಜಾಗ. ಗಿರಣಿಯಲ್ಲಿ ಜೋಳ ಸುರಿಯುವಾಗಲೂ ಇದೇ ಕಣ್ಣ ಮುಂದೆ ಬರುತ್ತಿತ್ತು. ಬೀಸಿಸಲು ಬಂದ ನಮ್ಮ ಓಣಿಯ ಅಕ್ಕ ಬೇರೆ ಕಾಡುತ್ತಿದ್ದಳು: "ಗಾಡಿ ಬರೂ ದಿನಾ ಮೊದಲ ಹೇಳಪಾ, ನಮ್ಮ ಎಮ್ಮಿ ಒಳಗ ಕಟ್ಟತೀನಿ."

ಶೋರೂಮಿನ ನಂಬರ್ ಕಂಡರೆ ಫೋನ್ ಎತ್ತಲು ಹಿಂದೆಮುಂದೆ ನೋಡುತ್ತಿದ್ದೆ. "ಸರ, ಗಾಡಿ ಇನ್ನೂ ಬಂದಿಲ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ಅಲ್ಲಿಯ ಹುಡುಗಿ ಹೇಳಿದರೆ ಹೋದ ಜೀವ ಬಂದಂತಾಗುತ್ತಿತ್ತು.

"ಅವಸರ ಏನಿಲ್ಲವಾ. ಆರಾಮ ಬರ್ಲಿ."

"ನಿಮ್ಮಂಥಾ ಗಿರಾಕಿ ನಾ ನೋಡೇ ಇಲ್ಲ ಬಿಡ್ರಿ" ಎಂದು ಅವಳು ನಗುತ್ತಿದ್ದಳು.

ಒಂದು ದಿನ ಅವಳೇ ಸಂಭ್ರಮದಿಂದ ಹೇಳಿದಳು, ಗಾಡಿ ಬಂತು ಎಂದು. ಗಿರಣಿ ಬಂದ್ ಮಾಡಿ ಅಲ್ಲೇ ಚೀಲದ ಮೇಲೆ ಕೂತುಬಿಟ್ಟೆ.

ಹೆಂಡತಿಯನ್ನು ಕೈಹಿಡಿದು ಬಸ್ಸು ಹತ್ತಿಸಿ ಮೂವರೂ ಹುಬ್ಬಳ್ಳಿಗೆ ಹೋದೆವು. ಕಾರಿಗೆ ಹೂವಿನ ಹಾರ ಹಾಕಿದ್ದರು. ಕಾಯಿ ಒಡೆದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಚಾವಿ ನನ್ನ ಕೈಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕ್ಲಚ್ ಬಿಟ್ಟೆ. ಕಾರು ಒಮ್ಮೆ ನಡುಗಿ ಆಫ್ ಆಯಿತು. ಇನ್ನೊಮ್ಮೆ ಬಿಟ್ಟೆ, ಮತ್ತೆ ಆಫ್. ನಿಂಬೆಹಣ್ಣು ಹಾಗೇ ಇತ್ತು. ಗಾಜಿನಾಚೆ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು.

ಕೆಳಗಿಳಿದೆ. ಚಾವಿಯನ್ನು ಕಾಕಾರ ಮುಂದೆ ಹಿಡಿದೆ.

"ಕಾಕಾ, ನನ್ನ ಕಡಿಂದ ಆಗಂಗಿಲ್ರಿ. ಅಗದೀ ಅಂಜಿಕಿ ಬರಾಕತ್ತೈತಿ. ನಿಮ್ಮಿಬ್ಬರ ಜೀವ ನನ್ನ ಕೈಯಾಗ ಬ್ಯಾಡ."

ಹೆಂಡತಿ ನನ್ನ ಮುಖವನ್ನೇ ನೋಡಿದಳು. "ಇಷ್ಟ ದಿನಾ ಊಟಾ ಬಿಟ್ಟದ್ದು ಇದಕ್ಕೇನ್ರಿ? ನಾ ಏನ ರೋಗ ಬಂತೋ ಅಂತ ಯಮನೂರಿಗೆ ಹರಕಿ ಹೊತ್ತೀನಲ್ರೀ!"

ಕಾಕಾ ಬೈಯುತ್ತಾರೆ ಎಂದುಕೊಂಡೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಲೇ ಹುಚ್ಚಾ, ನಾ ಏನ ಎತ್ತ ಸಂತಿಯಿಂದ ನಡಿಸ್ಕೋತ ಬಂದಿದ್ನೇನ? ಟೆಂಪೋದಾಗ ಏರಿಸ್ಕೊಂಡ ಬಂದು ಊರ ಅಗಸಿ ಮುಂದ ಇಳಿಸಿದ್ವಿ. ಅಲ್ಲಿಂದ ನಾ ಹಗ್ಗ ಹಿಡದದ್ದು."

"ಅದನ್ನ ಮೊದಲ ಹೇಳಬಾರ್ದೇನ್ರಿ?"

"ನೀ ಕೇಳಿದೇನಲೇ?"

ಶೋರೂಮಿನ ಡ್ರೈವರ್ ನಿಂಬೆಹಣ್ಣು ಅಪ್ಪಚ್ಚಿ ಮಾಡಿ, ನಮ್ಮೂರ ಅಗಸಿ ಬಾಗಿಲವರೆಗೆ ತಂದು, ಇಳಿದು ಹಿಂದಿನ ಸೀಟಿಗೆ ಹೋದ. ನಾನು ಸ್ಟೇರಿಂಗ್ ಹಿಡಿದೆ. ಅಗಸಿಯಿಂದ ಮನೆಗೆ ಒಂದೇ ಓಣಿ. ಆದರೂ ಬೆವರು ಕಣ್ಣಿಗಿಳಿಯಿತು. ಅಕ್ಕ ಹೇಳಿದಂತೆಯೇ ಎಮ್ಮೆ ಒಳಗೆ ಕಟ್ಟಿ ಬಾಗಿಲಲ್ಲಿ ನಿಂತಿದ್ದಳು. ಕಾರು ಆಮೆಯಂತೆ ಹೋಗುತ್ತಿರುವಾಗ ಎಡಕ್ಕೆ ನೋಡಿದೆ. ಕಾಕಾ ಬಲಗಾಲಿನಿಂದ ಕೆಳಗಿನ ಮ್ಯಾಟನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದರು.

"ಕಾಕಾ, ಅಲ್ಲಿ ಬ್ರೇಕ್ ಇಲ್ರಿ."

"ನೀ ಮುಂದ ನೋಡಲೇ!"

ಮನೆ ಕಟ್ಟೆ ಎದುರಿಗೇ ಬಂತು. ಬ್ರೇಕ್ ಒತ್ತಿದೆ. ಕಟ್ಟೆಗೆ ತಾಗದೆ ಕಾರು ನಿಂತಿತು. ಕಾಕಾ ಕಾಲು ತೆಗೆದರು.

ಹುಬ್ಬಳ್ಳಿ ರಸ್ತೆಗೆ ನಾನು ಇನ್ನೂ ಒಬ್ಬನೇ ಹೋಗಿಲ್ಲ. ಅಂಜಿಕೆ ಇದೆ. ನಿಮ್ಮಲ್ಲಿ ಯಾರಾದರೂ ವಯಸ್ಸಾದ ಮೇಲೆ ಗಾಡಿ ಕಲಿತಿದ್ದರೆ, ಮೊದಲ ಸಲ ಎದುರಿಗೆ ಲಾರಿ ಬಂದಾಗ ಏನು ಮಾಡಿದಿರಿ ಎಂದು ದಯವಿಟ್ಟು ಬರೆದು ತಿಳಿಸಿ.